ನಾಲ್ಕನೇ ಕಾಲು

ಇಪ್ಪತ್ತಾರು ವರ್ಷದ ಹಿಂದೆ ಚಿನಕುರಳಿಯಲ್ಲಿ
ಒಂದು ಮಂಚದಿಂದ ಬಿದ್ದೆ.
ಇನ್ನೂ ಬೀಳುತ್ತಲೇ ಇದ್ದೇನೆ.

ಪಿಕ್ಚರು ಮಂಡ್ಯದಲ್ಲೇ ಒಂಬತ್ತು ದಿನ ದಾಟಲಿಲ್ಲ.
ಹತ್ತನೇ ದಿನ ಪೋಸ್ಟರಿನ ಮೇಲೆ ಪೋಸ್ಟರು,
ನನ್ನ ಮೂಗಿನ ಮೇಲೆ ಯಾವನೋ ಹೀರೋನ ಬೂಟು.
ಆಮೇಲೊಂದು ಭಾನುವಾರದ ಮಧ್ಯಾಹ್ನ, ಟೀವಿಯಲ್ಲಿ,
ಬಾಡೂಟ ಉಂಡು ಒರಗಿದವರನ್ನು
ನಾನು ಬಿದ್ದ ಸದ್ದು ಎಬ್ಬಿಸಿತಂತೆ.
ಅಲ್ಲಿಗೆ ನನ್ನ ಹೆಸರು ಹೋಯಿತು.
ಪಾಸ್‌ಬುಕ್ಕಿನಲ್ಲಿ ಎಚ್. ಜವರಯ್ಯ ಅಂತಿದ್ದರೂ
ಬ್ಯಾಂಕಿನ ಹುಡುಗಿ
‘ಮಂಚದ ಮಾಯಿಗಣ್ಣ, ಇಲ್ಲೊಂದು ಸೈನು’ ಅಂತಾಳೆ.

ಈಗ ಫೋನಿನೊಳಗೆ ಬೀಳುತ್ತೇನೆ, ಹೆಬ್ಬೆಟ್ಟಿನಷ್ಟಾಗಿ.
ಗುಡ್‌ನೈಟಿಗೆ ಬೀಳುತ್ತೇನೆ,
ಪಂಚಾಯ್ತಿ ಎಲೆಕ್ಷನ್ನಲ್ಲಿ ಸೋತವರ ಪರವಾಗಿ ಬೀಳುತ್ತೇನೆ.
ಪುಟ್ಟಮಾದು ತೀರಿಕೊಂಡ ಬೆಳಗ್ಗೆ
ಸುದ್ದಿಯ ಕೆಳಗೇ ಯಾರೋ ನನ್ನನ್ನು ಬೀಳಿಸಿದರು.
ಬೆರಳು ತಪ್ಪಿರಬೇಕು.
ತಪ್ಪದೆಯೂ ಇರಬಹುದು:
ಕಾಲಿಲ್ಲದ ಮೂಲೆಯನ್ನೇ ಕೈಯಲ್ಲಿ ಒರೆಸಿ
‘ಕೂತ್ಕೊ ಬಾವ, ನಿಮ್ಮಪ್ಪನ್ ಮಂಚ ಅನ್ಕೊ’
ಅಂದವನು ಅವನೇ ತಾನೆ.

ಈಗ ಭಾಗ ಎರಡಂತೆ.
ಡೈರೆಕ್ಟರು ಹುಡುಗ, ಆಗ ಅಂಬೆಗಾಲಿಡುತ್ತಿದ್ದನೇನೋ.
ನನ್ನ ಬೀಳು ನನಗಿಂತ ಅವನಿಗೆ ಚೆನ್ನಾಗಿ ಬರುತ್ತೆ.
‘ಕೂರೋ ಮುಂಚೆ ಎರಡು ಸಲ ಪಂಚೆ ಕೊಡವಿದ್ರಿ ಸಾರ್,
ಮೂರಲ್ಲ. ಅಲ್ಲೇ ಇರೋದು ನಿಮ್ಮ ಕಲೆ.’
ಆವತ್ತು ಪಂಚೆಗೆ ಗೊದ್ದ ಹತ್ತಿತ್ತು
ಅಂತ ನಾನು ಹೇಳಲಿಲ್ಲ.

ಮಂಚ ದೇವೀರಮ್ಮನ ಮನೆಯಲ್ಲೇ ಇತ್ತು.
ಹೋಗಿ ನೋಡಿದರೆ, ನಾಲ್ಕು ಕಾಲು.
‘ನೀವು ಗಾಡಿ ಹತ್ತಿದ್ ವಾರ್ದಲ್ಲೇ ಹಾಕುಸ್ದೆ ಕಣಪ್ಪ, ಹೊನ್ನೆ ಮರದ್ದು.
ಊರೋರೆಲ್ಲ ಬಂದು ಕೂತು ಬಿದ್ದು ನಗೋರು,
ನಾನು ಮನಿಕೊಳೋದ್ ಬ್ಯಾಡ್ವಾ?’
ಆರ್ಟಿನವನು ಟೇಪು ಬಿಚ್ಚಿದ:
‘ಅಜ್ಜಿ, ಇದೊಂದು ಕಾಲು ಕೊಯ್ದುಬಿಡ್ತೀವಿ, ಆಮೇಲೆ ಹೊಸ ಮಂಚಾನೇ ಕೊಡಿಸ್ತೀವಿ.’
ಅವಳು ಆ ಕಾಲಿನ ಪಕ್ಕ ಹೋಗಿ ಕೂತಳು,
ಎಲೆಅಡಿಕೆ ಚೀಲದ ದಾರ ಸಡಿಲಿಸಿದಳು.
ಟೇಪು ತಾನೇ ಸುರುಳಿ ಸುತ್ತಿಕೊಂಡಿತು.

ಹಾಗಾಗಿ ಪ್ಲೈವುಡ್ಡಿನ ಮಂಚ, ಬ್ರಷ್ಷಿನಲ್ಲಿ ಬಳಿದ ಹಳತು,
ನನ್ನ ಸೊಂಟದ ಎಕ್ಸ್‌ರೇ ನೋಡಿ
ನೆಲದ ಮೇಲೆ ಮೊಳದುದ್ದ ದಪ್ಪದ ಸ್ಪಂಜು.
ಪುಟ್ಟಮಾದುವಿನ ಮಗ ಅಪ್ಪನದೇ ಗೀಟು ಗೀಟಿನ ಅಂಗಿಯಲ್ಲಿ,
ಅದೇ ದವಡೆ, ಬೇರೆ ನಾಲಗೆ.
ಹಗ್ಗದಾಚೆ ಇಡೀ ಊರು.
ಅವನಿನ್ನೂ ಬಾಯಿ ತೆರೆದಿಲ್ಲ,
‘ಕೂತ್ಕೊ ಬಾವ’ ಅಂತ ಮುನ್ನೂರು ಬಾಯಿ!
ಕಟ್.
ಮತ್ತೆ ‘ಕೂತ್ಕೊ ಬಾವ’. ಕಟ್.
ಇನ್ನೂ ಹಾಲುಹಲ್ಲು ಬೀಳದ ಹುಡುಗರೂ
ಸತ್ತವನ ಮಾತನ್ನು ಅವನ ಮಗನಿಗೆ ಹೇಳಿಕೊಡುತ್ತಿದ್ದರು.

ಏಳನೇ ಸಲ ಊರು ಸುಮ್ಮನಾಯಿತು.
ಹೊಸ ಮಾತು ಆಡಿದ. ಪಂಚೆ ಕೊಡವಿದೆ, ಎರಡೇ ಸಲ.
ಕೂತೆ. ಬಿದ್ದೆ.
ಸ್ಪಂಜು ನನ್ನನ್ನು ಬಾಣಂತನದ ಮಗುವಿನ ಹಾಗೆ ಎತ್ತಿಕೊಂಡಿತು.
ಸದ್ದೇ ಇಲ್ಲ.
ಹಗ್ಗದಾಚೆಯಿಂದ ಒಬ್ಬಳು
‘ಪಾಪ’ ಅಂದಳು.

ಈ ಕಸುಬಿನಲ್ಲಿ ಬೈಗುಳ ಕೇಳಿದ್ದೇನೆ, ಚಪ್ಪಲಿ ನೋಡಿದ್ದೇನೆ.
ಆ ಪದ ಕೇಳಿರಲಿಲ್ಲ.

ಊಟದ ಹೊತ್ತಿಗೆ ದೇವೀರಮ್ಮನ ಹಟ್ಟಿಗೆ ಹೋದೆ.
ನಡುಮನೆ ಕತ್ತಲು, ಮಂಚದ ಮೇಲೆ ಒಣಹಾಕಿದ ಹುರುಳಿಕಾಳು.
ಒಂದು ಕಡೆಗೆ ಸರಿಸಿ
ಆ ಮೂಲೆಯಲ್ಲೇ ಕೂತೆ.
ಮೈ ತನ್ನ ಪಾಡಿಗೆ ಎಡಕ್ಕೆ ವಾಲಿತು, ಕೈ ಗಾಳಿ ಹಿಡಿಯಿತು,
ಬಾಯಿ ತೆರೆದುಕೊಂಡಿತು
ಮಂಚ ಮಾತ್ರ ಕದಲಲಿಲ್ಲ.
ಅರ್ಧ ಬಿದ್ದವನು ಅರ್ಧದಲ್ಲೇ ಉಳಿದೆ,
ಎಲ್ಲಿಗೂ ಹೋಗಲು ಗೊತ್ತಿಲ್ಲದ ಮುಖ ಹೊತ್ತು.

ಬಾಗಿಲಲ್ಲಿ ನಿಂತಿದ್ದ ದೇವೀರಮ್ಮ
ಸೆರಗಿನ ಮೇಲೆಲ್ಲ ಎಲೆಅಡಿಕೆ ರಸ ಚೆಲ್ಲಿಕೊಂಡು ನಕ್ಕಳು,
ಗೋಡೆ ಹಿಡಿದು ನಕ್ಕಳು, ಕೂತು ನಕ್ಕಳು,
‘ಬೀಳ್ನಿಲ್ವಲ್ಲೋ ಮಾಯಿಗಣ್ಣ, ಬೀಳ್ನಿಲ್ವಲ್ಲೋ!’

ಹೊರಗೆ ಮೈಕಿನಲ್ಲಿ ಶಾಟ್ ರೆಡಿ ಅಂದರು.
ಹುರುಳಿಕಾಳು ಆರಿಸುತ್ತ ಸ್ವಲ್ಪ ಹೊತ್ತು
ಅಲ್ಲೇ ಕೂತಿದ್ದೆ.