ಗರಿಕಿ ಗಂಟು

ಸಪ್ತಾಪುರದಾಗ ನಾ ಟೈಪು ಹೊಡೆದ
ಕೊನೇ ಪ್ರಬಂಧ ದೇಸಗತ್ತಿ ಮೇಡಂದು.
ನೋಟಬುಕ್ಕಿನ ಅಂಚಿಗೆ ನೈಲ್ ನದಿ ಕೆಸರು.
ದಿಂಕಾ ಮಂದಿ, ಅವರ ದೇವರು, ಅವರ ಎತ್ತು.
ಎತ್ತಿನ ಬಣ್ಣಕ್ಕ ಅಷ್ಟು ಹೆಸರು,
ನನ್ನ ಕಪ್ಪು-ಕೆಂಪು ರಿಬ್ಬನ್ನಿಗೆ ನಾಚಿಕಿ.

"ಹೊತ್ತು ಮುಳುಗಾಕ ಬಂದ್ರ
ದಾರ್ಯಾಗಿನ ಹುಲ್ಲಿಗೆ ಗಂಟು ಹಾಕತಾರ."
"ಹೊತ್ತು ನಿಲ್ಲತೈತೇನ್ರಿ?"
"ಇಲ್ಲೋ ತಮ್ಮಾ. ಕಾಲು ಜೋರಾಗತಾವ."

ಗೌಳಿ ಓಣಿಯ ಧೋಂಡಿಬಾ ಎಮ್ಮಿ ತಿಕ್ಕುತ್ತ ಕೇಳಿ
"ಬರೇ ಎತ್ತೇನ್ರಿ? ಎಮ್ಮಿ ಇಲ್ಲ?
ಪಾಪ" ಅಂದಿದ್ನಂತ. ಅದನ್ನೂ ಮೇಡಂ
ಅಡಿಟಿಪ್ಪಣಿಗೆ ಸೇರಿಸಿದ್ದರು.

ಕಿಮ್ಸಿನಿಂದ ಫೋನು ಬಂದಾಗ ಸಂಜಿ ಆರು.
ಎಂಟನೇ ಅಧ್ಯಾಯ ಇನ್ನೂ ಮಿಷನ್ನಿನಾಗ.
ಬಸ್ ಸ್ಟಾಪಿನ ಮಗ್ಗಲು ಗರಿಕಿ ಇತ್ತು.
ಬಗ್ಗಿದೆ.

ನವಲೂರು ದಾಟೋತನ
ಬೆರಳಿಗೆ ಹಸರು ವಾಸನಿ.