ಎಡಮುಂದಿನ ಚಕ್ರ

ಅಂದುಞ್ಞಿ ಕುಕ್ಕರಗಾಲಲ್ಲಿ ಕೂತು
ಒಂದು ರೂಪಾಯಿ ನಾಣ್ಯವನ್ನು ಟಯರಿನ ಗೀರಿಗೆ ಇಳಿಸಿದ.
ಅದು ಇಳಿಯಲಿಲ್ಲ,
ಹೊಸ್ತಿಲಲ್ಲೇ ನಿಂತ ನೆಂಟನ ಹಾಗೆ ನಿಂತಿತು.
"ಟೀಚರೇ, ಇದು ಟಯರಲ್ಲ, ಬಲೂನು."

ಕುಂಬಳೆ ಪೇಟೆಯಿಂದ ಬದಿಯಡ್ಕಕ್ಕೆ ತಿರುಗುವಲ್ಲಿ ಅವನ ಅಂಗಡಿ.
ಬೋರ್ಡು ಮಲಯಾಳದಲ್ಲಿ, ಚೌಕಾಸಿ ತುಳುವಿನಲ್ಲಿ,
ಲೆಕ್ಕ ಮಾತ್ರ ಕನ್ನಡದಲ್ಲಿ,
ಮಗ್ಗಿ ಕಲಿತದ್ದು ಕನ್ನಡ ಶಾಲೆಯಲ್ಲವೇ.

ನನ್ನದು ಇಂಡಿಕಾ, ಡೀಸೆಲು, ಹದಿನಾಲ್ಕು ವರ್ಷದ್ದು.
ಬ್ರೇಕು ಎರಡು: ಒಂದು ಕಲಿಯುವವರಿಗೆ, ಒಂದು ನನಗೆ.
ಬೆಳಗ್ಗೆ ಸ್ಟಾರ್ಟ್ ಮಾಡಿದರೆ
ಅಕ್ಕಿಮಿಲ್ಲು ಸುರುವಾಯಿತೆಂದು
ಆಚೆಮನೆಯ ಬೆಕ್ಕು ಇವತ್ತಿಗೂ ಓಡುತ್ತದೆ.

ನಾಲ್ಕೂ ಕಳಚಿ ಗೋಡೆಗೆ ಒರಗಿಸಿದಾಗ ಕಂಡಿತು:
ಮೂರಕ್ಕೆ ಎಲ್ಲರ ಹಾಗೆ ಪ್ರಾಯವಾಗಿದೆ.
ಎಡಮುಂದಿನದ್ದಕ್ಕೆ ಮಾತ್ರ ಹೊರಭುಜವೇ ಇಲ್ಲ,
ನೂಲು ಇಣುಕುತ್ತಿದೆ.
ಅಲೈನ್‌ಮೆಂಟ್, ಅಂದ ಅಂದುಞ್ಞಿ.
ಅಲ್ಲ, ಅಂದೆ ನಾನು. ಹೆದರಿಕೆ.

ಎದುರಿಗೆ ಮುರಕಲ್ಲಿನ ಲಾರಿ ಕಂಡರೆ ಸಾಕು,
ಸ್ಟಿಯರಿಂಗು ಎಡಕ್ಕೆ, ಚರಂಡಿಯ ಅಂಚಿಗೆ.
ಪೈವಳಿಕೆಯ ಪುಷ್ಪಾವತಿ, ಬಂದ್ಯೋಡಿನ ಕುಞ್ಞಾಮಿನ,
ರಿಟಾಯರಾದ ಮೇಲೆ ಕಲಿಯಲು ಬಂದ
ಪೋಸ್ಟ್‌ಮಾಸ್ಟರ್ ಐತಪ್ಪ ಶೆಟ್ಟಿಗಾರರು,
ಹನ್ನೊಂದು ವರ್ಷದಲ್ಲಿ ಎಷ್ಟೋ ಜನ.
ಲೈಸೆನ್ಸು ಅವರವರ ಮನೆಗೆ ಹೋಯಿತು.
ಉಳಿದದ್ದು ಇಲ್ಲಿ, ಈ ಎರಡು ಬೆರಳಗಲದಲ್ಲಿ.

ಟಯರಿಗೂ ಜಾತಕ ಉಂಟು.
ಪಕ್ಕೆಯ ಮೇಲೆ ಮೊಟ್ಟೆಯಂಥ ಗೆರೆಯೊಳಗೆ ನಾಲ್ಕು ಅಂಕೆ,
ಹುಟ್ಟಿದ ವಾರ, ಹುಟ್ಟಿದ ವರ್ಷ.
ಮೂರು, ಒಂದು, ಒಂದು, ಏಳು. ಎಣಿಸಿ ನೋಡಿದೆ: ಆಟಿ ತಿಂಗಳು.
ಅಂದುಞ್ಞಿ ತೋರಿಸಿದ ಹೊಸತಕ್ಕೂ ಆಗಲೇ ಎರಡು ತುಂಬಿತ್ತು.
"ಅಂಗಡಿಯಲ್ಲಿ ಕೂತೇ ಪ್ರಾಯ ಹೋದದ್ದು ನನಗೆ ಬೇಡ," ಅಂದೆ.
ಅಂದ ಮೇಲೆ ನೆನಪಾಯಿತು, ಇದೇ ಮಾತು
ನಮ್ಮ ಚಾವಡಿಯಲ್ಲಿ, ಉಪ್ಪಿಟ್ಟು ತಿನ್ನುತ್ತಾ,
ಯಾರೋ ನನ್ನ ಬಗ್ಗೆ ಆಡಿದ್ದರು.
ನಾಚಿಕೆಯಾಯಿತು.
ಆದರೂ ಬೇಡವೆಂದೇ ಹೇಳಿದೆ.

ಅವನ ಅಳಿಯ ಅನ್ಸಿಫ್ ಅಲಾಯ್ ಚಕ್ರ ತಂದ,
ಹದಿನಾಲ್ಕು ಇಂಚು, ನಕ್ಷತ್ರದ ಕಡ್ಡಿ.
"ಗಾಡಿಗೊಂದು ಕಳೆ ಬರ್ತದೆ ಟೀಚರ್."
ಬರುತ್ತದೆ, ಇಲ್ಲವೆನ್ನುವುದಿಲ್ಲ.
ಆದರೆ ದೊಡ್ಡ ಚಕ್ರ ಕಮ್ಮಿ ಸುತ್ತುತ್ತದೆ,
ಮೀಟರಿನ ಮುಳ್ಳು ಐವತ್ತೆಂದು ಹೇಳಿ
ಐವತ್ತೆರಡರಲ್ಲಿ ಓಡುತ್ತದೆ.
ಅಂಥದರಲ್ಲಿ ಕೂತು ನಾನು ಯಾರಿಗೆ ಏನು ಕಲಿಸಲಿ?
ಮತ್ತೆ, ಕಲ್ಲಿಗೆ ತಾಗಿದರೆ ಅಲಾಯ್ ಸೀಳುತ್ತದೆ.
ಕಬ್ಬಿಣ ಬಗ್ಗುತ್ತದೆ.
ಬಗ್ಗಿದ್ದನ್ನು ಅಂದುಞ್ಞಿ ಸುತ್ತಿಗೆಯಲ್ಲಿ ನಾಲ್ಕು ಬಡಿದು
ಚಾ ಆರುವುದರೊಳಗೆ ತಿರುಗಿ ಕೊಡುತ್ತಾನೆ.

ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿದೆವು. ಒಮ್ಮೆಯೂ ನೆಲ ಮುಟ್ಟದ್ದು,
ರಬ್ಬರಿನ ಮೀಸೆ ಹಾಗೆಯೇ ಉಂಟು.
ಬೆರಳೊತ್ತಿದರೆ ಪಕ್ಕೆಯ ತುಂಬ ಕೂದಲೆಳೆ ಬಿರುಕು.

"ಟಯರು ಐದು ವರ್ಷ ಬರ್ತದೆ," ಅಂದುಞ್ಞಿ ಮೆಲ್ಲಗೆ ಅಂದ,
"ಗಾಡಿಯ ಕಾಗದ ಬರುವ ಮೇ ತಿಂಗಳಿಗೆ ಮುಗೀತದೆ.
ಸೆಕೆಂಡ್‌ಹ್ಯಾಂಡು ಹಾಕಿಸಿ, ಸಾಕು."
ಅವನು ಹೇಳಿದ್ದು ಸರಿ. ನಷ್ಟ ಅವನಿಗೇ.
ಒಂದಕ್ಕೆ ಮೂರು ಸಾವಿರದ ಇನ್ನೂರರಂತೆ
ನಾಲ್ಕು ಹೊಸತು ಹಾಕಿಸಿದೆ, ಹಳೇ ಕಬ್ಬಿಣದ ರಿಮ್ಮಿಗೆ,
ಹದಿಮೂರೇ ಇಂಚು.
ಯಾಕೆಂದು ಅವನು ಕೇಳಲಿಲ್ಲ.

ಸಂಜೆ ಒಬ್ಬಳೇ ಹೊರಟೆ.
ಎಡದ ಸೀಟು ಬಿಟ್ಟು ಬಲದ್ದರಲ್ಲಿ ಕೂತು ಎಷ್ಟು ದಿನವಾಯಿತೋ!
ಹೊಸ ರಬ್ಬರು ರಸ್ತೆಯೊಡನೆ ಪಿಸುಗುಡುತ್ತಿತ್ತು.
ಸೀತಾಂಗೋಳಿಯ ತಿರುವಿನಲ್ಲಿ
ಮುರಕಲ್ಲಿನ ಲಾರಿ ಬಂತು, ದೀಪ ಹಾಕಿಕೊಂಡು, ಮೈಮೇಲೆಯೇ.
ನನ್ನ ಕೈ, ನನ್ನದೇ ಕೈ,
ಒಂಚೂರು ಎಡಕ್ಕೆ ಎಳೆಯಿತು.
ಇನ್ನೊಂದು ಬ್ರೇಕಿನ ಹತ್ತಿರ
ಯಾರೂ ಇರಲಿಲ್ಲ.