ಇಪ್ಪತ್ತೆಂಟು ದಿನ

ವಾರವಿಡೀ ನನ್ನ ಕೆಲಸ ಕಾಂಕ್ರೀಟಿನ ಘನ ಒಡೆಯುವುದು.
ಏಳನೆಯ ದಿನ ಮೂರು, ಇಪ್ಪತ್ತೆಂಟನೆಯ ದಿನ ಮೂರು.
ಯಂತ್ರ ಒತ್ತುತ್ತದೆ, ಮುಳ್ಳು ಏರುತ್ತದೆ,
ಒಣಗಿದ ಕೊಬ್ಬರಿ ಸೀಳಿದಂತೆ ಒಂದು ಸದ್ದು.
ಅಂಕಿ ಬರೆದು ಸಹಿ ಹಾಕುತ್ತೇನೆ. ಮುಂದಿನದು.

ಶುಕ್ರವಾರ ಏನನ್ನೂ ಒಡೆಯುವುದಿಲ್ಲ.

ತನ್ವೀರ ಊರಿಗೆ ಹೊರಟಾಗ ನನಗೆ ಮಾರಿಹೋದ ಬೈಕು,
ಹಿಂದೆ ಅವನು ಬಿರಿಯಾನಿ ಹೊತ್ತ ಕೆಂಪು ಡಬ್ಬಿ.
ಈಗ ಅದರಲ್ಲಿ ಕ್ಯಾಮೆರಾ, ಎರಡು ಬಾಟಲಿ ನೀರು,
ಎಷ್ಟು ತೊಳೆದರೂ ಹೋಗದ
ಲವಂಗದ ವಾಸನೆ.

ಬರ್ಕಾ ದಾಟಿ ಹೆದ್ದಾರಿ ಬಿಟ್ಟ ಮೇಲೆ
ನಲವತ್ತರ ಮೇಲೆ ಓಡಿಸುವುದಿಲ್ಲ ನಾನು.
ಅವಸರದವರು ಮುಂದೆ ಹೋಗಲಿ.
ನಖಲಿನ ಕೋಟೆಗೆ ಬಸ್ಸುಗಟ್ಟಲೆ ಜನ;
ನನಗೆ ಬೇಕಾದ್ದು ಅದರಾಚೆ,
ಹೆಸರಿನ ಹಲಗೆ ಬಿದ್ದುಹೋದ ತಿರುವು,
ಖರ್ಜೂರದ ತೋಟಗಳ ನಡುವೆ
ಒಂದೇ ಗಾಡಿ ಹಿಡಿಸುವ ದಾರಿ,
ಪಕ್ಕದಲ್ಲೇ, ನನಗಿಂತ ತುಸು ನಿಧಾನವಾಗಿ,
ಮೊಳದಗಲದ ಫಲಜಿನಲ್ಲಿ ಹರಿವ ನೀರು.

ಹನ್ನೊಂದರ ಹೊತ್ತಿಗೆ
ಅರ್ಧ ಕುಸಿದ ಕಾವಲು ಗೋಪುರವೊಂದು ಸಿಕ್ಕಿತ್ತು,
ಅದರೊಳಗೆ ನನ್ನನ್ನೇ ವಿಚಾರಿಸುವಂತೆ ನೋಡಿದ ಆಡು.
ಆಮೇಲೆ ಬರೀ ಬಿಸಿಲು. ಗೋಡೆಯ ನೆರಳು
ಗೋಡೆಯ ಬುಡಕ್ಕೇ ಸೇರಿಕೊಂಡಿತ್ತು.

"ನಾನು ಏನನ್ನೂ ತರಿಸಿಲ್ಲವಲ್ಲ!"
ತೋಟದೊಳಗಿಂದ ಬಂದವರು ಡಬ್ಬಿ ನೋಡಿ ಹೇಳಿದರು.
ಖಲ್ಫಾನ್. ಎಪ್ಪತ್ತೋ ಎಂಬತ್ತೋ.
ಅವರ ಹಿಂದಿಗೂ ನನ್ನ ಅರಬ್ಬಿಗೂ
ಊರುಗೋಲು ಬೇಕಿತ್ತು; ಕೈಸನ್ನೆ ಸಾಕಾಯಿತು.
ಮುಚ್ಚಳ ತೆಗೆದು ಕ್ಯಾಮೆರಾ ತೋರಿಸಿದೆ.
ನಕ್ಕರು. "ಹಸಿದವರಿಗೆ ಇದನ್ನು ಕೊಡುತ್ತೀಯಾ?"
ನಕ್ಕೇ ಕರೆದುಕೊಂಡು ಹೋದರು.

ಎರಡಂತಸ್ತಿನ ಮಣ್ಣಿನ ಮನೆ. ಹೊಸ್ತಿಲಿದೆ, ಕದವಿಲ್ಲ.
ಕದವನ್ನು ಯಾರೋ ಮಸ್ಕತ್ತಿನ ಹೋಟೆಲಿಗೆ ಕೊಂಡರಂತೆ.
ಹೊಸ್ತಿಲಲ್ಲಿ ನಿಂತು ಅವರು ಗಂಟಲು ಸರಿಮಾಡಿ
ಒಳಕ್ಕೆ ಕೂಗಿದರು:
ಪರಸ್ಥಳದ ಗಂಡಸು ಬರುತ್ತಿದ್ದಾನೆ, ಹುಷಾರು.
ಕಾದರು.
ಒಳಗಿನವರು ತಲೆವಸ್ತ್ರ ಎಳೆದುಕೊಂಡು
ಹಿಂದಿನ ಕೋಣೆಗೆ ಸರಿಯುವಷ್ಟು ಹೊತ್ತು.
ಮೂವತ್ತೈದು ವರ್ಷದಿಂದ ಆ ಮನೆಯಲ್ಲಿ ಯಾರೂ ಇಲ್ಲ.
ನಾನೂ ಕಾದೆ, ಶೂ ಬಿಚ್ಚಿದೆ.
ಕೊರಳಲ್ಲಿದ್ದ ಕ್ಯಾಮೆರಾ ಎತ್ತಲು ಕೈ ಬರಲಿಲ್ಲ.

ಖರ್ಜೂರದ ಮೂಟೆ ಪೇರಿಸುತ್ತಿದ್ದ ಕೋಣೆ;
ನೆಲದಲ್ಲಿ ಸಾಲುಗಾಲುವೆ, ಕೊನೆಗೊಂದು ಹೂತ ಗಡಿಗೆ.
ಮೂಟೆಯ ಭಾರಕ್ಕೆ ರಸ ತಾನಾಗಿ ಇಳಿಯುತ್ತಿತ್ತಂತೆ.
ಒತ್ತಿದರೆ ಒಡೆಯುವುದಷ್ಟೇ ಗೊತ್ತಿದ್ದ ನಾನು
ಬಗ್ಗಿ ಬೆರಳಾಡಿಸಿದೆ. ಇನ್ನೂ ಸ್ವಲ್ಪ ಅಂಟು.

ಗೋಡೆಯ ಗಿಲಾವಿನಲ್ಲಿ ಹುಲ್ಲಿನ ಎಳೆ.
ಹೊಟ್ಟು ಬೆರೆಸಿ ಅರಲು ತುಳಿಯುತ್ತಿದ್ದ
ಚಿಗವ್ವನ ಕಾಲು ನೆನಪಾಯಿತು,
ಮೊಣಕಾಲವರೆಗೆ ಮಣ್ಣು, ಅದರ ಮೇಲೆ ಬೆಳ್ಳಿ ಕಡಗ.

ನನ್ನ ಕೆಲಸ ಕೇಳಿದರು. ಹೇಳಿದೆ.
ಗೋಡೆಗೆ ಅಂಗೈ ಬಡಿದು, "ಹಾಗಾದರೆ ಹೇಳು,
ಇದು ಎಷ್ಟು ಭಾರ ತಾಳುತ್ತದೆ?"
ನಮ್ಮಲ್ಲಿ ಇಪ್ಪತ್ತೆಂಟು ದಿನದವರೆಗೆ ಲೆಕ್ಕವಿದೆ, ಅಜ್ಜ.
ಆಮೇಲಿನದನ್ನು ಯಾರೂ ಅಳೆಯುವುದಿಲ್ಲ.
ಇದನ್ನು ಯಾವ ಭಾಷೆಯಲ್ಲಿ ಹೇಳಬೇಕೋ ತಿಳಿಯದೆ
ನಾನೂ ಗೋಡೆಗೆ ಕೈ ಇಟ್ಟೆ.
ತಣ್ಣಗಿತ್ತು.

ಹೊರಡುವಾಗ "ಡಬ್ಬಿ ಖಾಲಿ ಹೋಗಬಾರದು" ಎಂದು
ಖರ್ಜೂರ ಸುರಿದರು, ಬೇಡವೆಂದಷ್ಟೂ ಸುರಿದರು.
ಕ್ಯಾಮೆರಾ ಮತ್ತೆ ಕೊರಳಿಗೆ.

ಅವತ್ತಿನ ಚಿತ್ರಗಳು ಒಟ್ಟು ಹದಿನಾಲ್ಕು:
ಗೋಪುರ, ಆಡು, ದಾರಿ, ನೀರು,
ಕೊನೆಯದು ನನ್ನ ಶೂ,
ಕದವಿಲ್ಲದ ಹೊಸ್ತಿಲ ಹೊರಗೆ.

ಸೋಮವಾರ ಲ್ಯಾಬಿನ ಮುಂದೆ ಡಬ್ಬಿ ತೆರೆದರೆ
ಒಂದು ಸಾಲು ಇರುವೆ.
ನಲವತ್ತರ ಮೇಲೆ ಅವೂ ಹೋಗುತ್ತಿರಲಿಲ್ಲ.